ನಾವು ಎಂಬ ಮಾತು

ಬೇಸಿಗೆ ರಜೆ ಶುರುವಾಗಿ ಮೂರನೆಯ ದಿನ, ಮಂಗಳವಾರ, ಬೆಳಗಿನ ಐದೂವರೆ ಗಂಟೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ, ಆದರೆ ಹಿಂದಿನ ದಿನದ ಸೆಕೆ ರಸ್ತೆ ಬಿಟ್ಟು ಎದ್ದಿರಲಿಲ್ಲ. ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆಯ ಕಟ್ಟಡದ ಮುಂದೆ ಬಸ್ಸೊಂದು ಎಂಜಿನ್ ಆರಿಸದೆ ಗುರುಗುಡುತ್ತ ನಿಂತಿತ್ತು. ಸಭೆಯ ಹುಡುಗ ಹುಡುಗಿಯರು, ಒಟ್ಟು ನಲವತ್ತೊಂದು ಮಂದಿ, ಆರು ದಿನದ ಕ್ಯಾಂಪಿಗೆ ಹೊರಟಿದ್ದರು. ಭಾನುವಾರದ ಆರಾಧನೆ ಅಲ್ಲೇ ನಡೆಯಬೇಕಾದ್ದರಿಂದ ಮನೆಮನೆಯಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಗಳು ಹ್ಯಾಂಗರಿನಲ್ಲೇ ಬಂದಿದ್ದವು. ಅವನ್ನೆಲ್ಲ ಬಸ್ಸಿನ ಕಂಬಿಗೆ ಸಾಲಾಗಿ ತೂಗುಹಾಕಿದ್ದರು. ಬಸ್ಸು ಅಲುಗಿದಾಗಲೆಲ್ಲ ತಲೆಯಿಲ್ಲದ ಜನ ಸಾಲಾಗಿ ನಿಂತು ಒಟ್ಟಿಗೆ ಹೂಂಗುಟ್ಟಿದ ಹಾಗೆ ಕಾಣುತ್ತಿತ್ತು.

ಆ ಅಂಗಿಗಳ ಕೆಳಗಿನ ಸೀಟಿನಲ್ಲಿ ಕೂತಿದ್ದವನು ತಕ್ಕಡಿ ರಿಪೇರಿಯವನ ಮಗ. ಹದಿನೇಳು ವರ್ಷ. ಸಣಕಲ, ಆದರೆ ನೆಟ್ಟಗೆ ನಿಲ್ಲುವವನು. ತಕ್ಕಡಿಯ ಮುಳ್ಳಿನ ಹಾಗಿದ್ದಾನೆ ಎಂದು ಅಪ್ಪ ಚಿಕ್ಕಂದಿನಲ್ಲಿ ಕರೆದದ್ದೇ ಅಂಟಿಕೊಂಡು, ಈಗ ಎಲ್ಲರಿಗೂ ಅವನು ಮುಳ್ಳು.

ಅವನಿಗೆ ಆ ಹೊತ್ತು ಒಂದು ಭಯವಿತ್ತು. ಅದು ಇಷ್ಟೇ: ಅವನಿಗೆ ದೇವರಲ್ಲಿ ನಂಬಿಕೆ ಉಳಿದಿರಲಿಲ್ಲ, ಅದು ಯಾರಿಗೂ ಗೊತ್ತಿರಲಿಲ್ಲ, ಮತ್ತು ಈ ಆರು ದಿನ ಅದು ಯಾರಿಗೂ ಗೊತ್ತಾಗಕೂಡದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನಿಗೆ ಗೊತ್ತಾಗಕೂಡದಿತ್ತು. ಯಾಕೆಂದರೆ ಅಪ್ಪನೇ ಆ ಸಭೆಯ ಬಿಷಪ್.

ಬಿಷಪ್ ಎಂದ ಕೂಡಲೇ ನಿಲುವಂಗಿ, ಕೋಲು, ಬಂಗಲೆ ಅಂದುಕೊಳ್ಳಬೇಡಿ. ಆ ಸಭೆಯಲ್ಲಿ ಸಂಬಳದ ಪಾದ್ರಿ ಇಲ್ಲ. ಸಭೆಯಲ್ಲೇ ಒಬ್ಬನನ್ನು ಕರೆದು ಐದಾರು ವರ್ಷ ನೀನು ನೋಡಿಕೋ ಎನ್ನುತ್ತಾರೆ. ಅಪ್ಪ ವಾರವೆಲ್ಲ ಅಂಗಡಿಯಲ್ಲಿ ಎಣ್ಣೆ ಬಟ್ಟೆ ಹೆಗಲಿಗೆ ಹಾಕಿಕೊಂಡು ತಕ್ಕಡಿ ಬಿಚ್ಚುತ್ತಿದ್ದ. ದಿನಸಿ ಅಂಗಡಿಯ ತಕ್ಕಡಿ, ಅಕ್ಕಸಾಲಿಗನ ಗಾಜಿನ ಪೆಟ್ಟಿಗೆಯ ತಕ್ಕಡಿ, ಮಕ್ಕಳನ್ನು ಮಲಗಿಸಿ ತೂಗುವ ಆಸ್ಪತ್ರೆಯ ತಕ್ಕಡಿ. ಅವನು ಸರಿ ಮಾಡಿದ ಮೇಲೆ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಸೀಸದ ಮುದ್ರೆ ಒತ್ತಬೇಕು. ಹತ್ತೊಂಬತ್ತು ವರ್ಷದಲ್ಲಿ ಅಪ್ಪ ಸರಿ ಎಂದದ್ದನ್ನು ಇನ್‌ಸ್ಪೆಕ್ಟರ್ ಒಂದು ಸಲವೂ ಸರಿಯಿಲ್ಲ ಎಂದಿರಲಿಲ್ಲ.

ಅಮ್ಮ ತೀರಿಕೊಂಡು ನಾಲ್ಕು ವರ್ಷ. ಅಮ್ಮ ಹೋದ ಮೇಲೆ ಅಪ್ಪನ ತಂಗಿ ಮನೆಗೆ ಬಂದು ನಿಂತಳು. ಸಭೆಯವರಲ್ಲಿ ಒಂದು ನಂಬಿಕೆ. ದೇವಾಲಯದಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಸೇರಿಸಿ ಮುದ್ರೆ ಹಾಕುತ್ತಾರೆ. ಆ ಮುದ್ರೆ ಸಾವಿಗೂ ಒಡೆಯುವುದಿಲ್ಲ. ಕೊನೆಯವರೆಗೆ ನಂಬಿಕೆಯಲ್ಲಿ ನಡೆದವರು ಆಚೆ ಕಡೆ ಮತ್ತೆ ಒಂದೇ ಮನೆಯಲ್ಲಿರುತ್ತಾರೆ. ನಡೆಯದವನ ಜಾಗ ಖಾಲಿ. ಅಮ್ಮನ ಮಣ್ಣಿಗೆ ಬಂದವರೆಲ್ಲ ಅಪ್ಪನ ಕೈ ಹಿಡಿದು ಅದೇ ಮಾತು ಹೇಳಿದ್ದರು. ಅಪ್ಪ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದು ನಿಂತು, ಮೂರನೆಯ ದಿನ ಅಂಗಡಿ ಬಾಗಿಲು ತೆಗೆದಿದ್ದ. ಈಗ ಮಗ ಬಾಯಿಬಿಟ್ಟರೆ ಅಪ್ಪ ಹಿಡಿದಿದ್ದ ಆಸರೆಯನ್ನೇ ಕಿತ್ತುಕೊಂಡ ಹಾಗಾಗುತ್ತಿತ್ತು. ಹೆಂಡತಿಯನ್ನು ಮಣ್ಣಿಗೆ ಕೊಟ್ಟವನು ಮಗನನ್ನು ಎಂದೆಂದಿಗೂ ಕಳೆದುಕೊಂಡೆ ಎಂದು ತಿಳಿಯುತ್ತಾನೆ. ತಿಳಿದು ಏನು ಮಾಡುತ್ತಾನೆ? ಮನೆಯಲ್ಲಿ ಇಟ್ಟುಕೊಳ್ಳುತ್ತಾನೋ ಇಲ್ಲವೋ? ಮುಳ್ಳು ಅಲ್ಲಿಂದ ಮುಂದಕ್ಕೆ ಯೋಚಿಸುತ್ತಿರಲಿಲ್ಲ.

ನಂಬಿಕೆ ಹೋದದ್ದಕ್ಕೆ ದೊಡ್ಡ ಕಥೆಯೇನಿಲ್ಲ. ದೇವರನ್ನೇ ಕೇಳು, ಎದೆ ಬೆಚ್ಚಗಾಗುತ್ತದೆ, ಅದೇ ಉತ್ತರ ಎಂದು ಹಿರಿಯರು ಹೇಳಿದ್ದರು. ಮುಳ್ಳು ದಿನಾ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಿತ್ತಾಳೆಯ ತೂಕದ ಬಟ್ಟುಗಳ ಕಪಾಟಿನ ಪಕ್ಕ ಮಂಡಿಯೂರಿ ಕೇಳಿದ. ಒಂದು ವರ್ಷ ಕೇಳಿದ. ಮಂಡಿ ನೋವಾಯಿತು, ಎದೆ ಹೇಗಿತ್ತೋ ಹಾಗೇ ಇತ್ತು. ಒಂದು ದಿನ ಬಟ್ಟು ಒರೆಸುತ್ತಿದ್ದಾಗ, ತಾನು ಹನ್ನೊಂದು ದಿನದಿಂದ ಕೇಳಿಯೇ ಇಲ್ಲ, ಕೇಳಲಿಲ್ಲವೆಂದು ಅನಿಸಿಯೂ ಇಲ್ಲ ಎಂದು ಹೊಳೆಯಿತು. ಒರೆಸುತ್ತಿದ್ದ ಬಟ್ಟು ಕೈಜಾರಿ ಬಿತ್ತು. ಅಷ್ಟೇ. ಅದಾಗಿ ಹದಿನಾಲ್ಕು ತಿಂಗಳಾಗಿತ್ತು.

ವಿಚಿತ್ರವೆಂದರೆ ನಂಬಿಕೆ ಹೋದರೂ ಅದರ ಭಯ ಹೋಗಿರಲಿಲ್ಲ. ಬಾಡಿಗೆಗಿದ್ದವರು ಮನೆ ಖಾಲಿ ಮಾಡಿದರೂ ಅವರ ನಾಯಿ ಬಾಗಿಲಲ್ಲೇ ಬಿದ್ದುಕೊಂಡು ಬಂದವರಿಗೆಲ್ಲ ಬೊಗಳುವುದಿಲ್ಲವೇ, ಹಾಗೆ.

ಕ್ಯಾಂಪು ಇದ್ದದ್ದು ಊರಿಂದ ಮೂರು ಗಂಟೆ ದಾರಿಯ ಒಂದು ಕೆರೆಯ ದಂಡೆಯಲ್ಲಿ. ಹನ್ನೆರಡು ಡೇರೆ, ಒಂದು ದೊಡ್ಡ ಟಾರ್ಪಾಲಿನ ಚಪ್ಪರ, ನೀರಿನ ಡ್ರಮ್ಮು ನಾಲ್ಕು. ಬಿಷಪ್ ಆಗಿ ಅಪ್ಪ, ಅಡುಗೆಗೆ ಅತ್ತೆಯೂ ಇನ್ನಿಬ್ಬರು ಹೆಂಗಸರೂ ಬಂದಿದ್ದರು. ಟೀ ಕಾಫಿ ಆ ಸಭೆಯಲ್ಲಿ ಮುಟ್ಟುವಂತಿಲ್ಲವಾದ್ದರಿಂದ ಬೆಳಿಗ್ಗೆ ಎಲ್ಲರಿಗೂ ಬಿಸಿ ಹಾಲು.

ಮುಳ್ಳಿನ ಡೇರೆಯಲ್ಲಿ ಬೇಕರಿಯವನ ಮಗ ಇದ್ದ. ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಯಾಕೆ ಎಂದು ಹೇಳಬೇಕಾಗಿಲ್ಲ.

ಎರಡನೆಯ ದಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ರೇಡಿಯೋ ಎಲ್ಲರಿಗೂ ಕೇಳಿಸುವ ಹಾಗೆ ಅಂದ: "ಲೋ ಮುಳ್ಳು, ನೀನು ಪ್ರಾರ್ಥನೇಲಿ ಕಣ್ಣೇ ಮುಚ್ಚಲ್ಲ ಅಲ್ವಾ? ನಿನ್ನೇನೂ ನೋಡಿದೆ, ಇವತ್ತೂ ನೋಡಿದೆ. ದೊಡ್ಡದಾಗಿ ಬಿಟ್ಕೊಂಡು ಕೆರೆ ನೋಡ್ತಿದ್ದೆ."

ಅನ್ನ ಬಡಿಸುತ್ತಿದ್ದ ಅತ್ತೆಯ ಸೌಟು ಅಲ್ಲೇ ನಿಂತಿತು.

"ನಾನು ಕಣ್ಣು ಬಿಟ್ಟಿದ್ದು ನಿನಗೆ ಹೇಗೆ ಕಾಣಿಸ್ತು?" ಎಂದ ಮುಳ್ಳು.

ಎಲ್ಲರೂ ಹೋ ಎಂದು ನಕ್ಕರು. ರೇಡಿಯೋ ಹುಟ್ಟಿದಾಗಿನಿಂದ ಮೊದಲ ಸಲ ಬಾಯಿ ಮುಚ್ಚಿದ. ಅತ್ತೆ ಇಬ್ಬರಿಗೂ ಒಂದೊಂದು ಸೌಟು ಹೆಚ್ಚಿಗೆ ಹಾಕಿ, "ಇಬ್ರೂ ಕಳ್ರು. ತಿನ್ನಿ, ಕಣ್ಣು ತಾನಾಗೇ ಮುಚ್ಚುತ್ತೆ" ಎಂದಳು. ಮುಳ್ಳು ನಕ್ಕ ಹಾಗೆ ಮಾಡಿ ತಟ್ಟೆ ಹಿಡಿದುಕೊಂಡು ಮರದ ಹಿಂದೆ ಹೋದ. ಎರಡು ತುತ್ತು ತಿಂದು, ಉಳಿದದ್ದನ್ನು ಕಾಗೆಗೆ ಹಾಕಿದ.

ಆಮೇಲೆ ಪ್ರಾರ್ಥನೆಯಲ್ಲಿ ಕಣ್ಣು ಬಿಗಿಯಾಗಿ ಮುಚ್ಚತೊಡಗಿದ. ಹಾಡುವಾಗ ಎಲ್ಲರಿಗಿಂತ ಅರ್ಧ ಕ್ಷಣ ಮೊದಲೇ ಬಾಯಿ ತೆರೆದ. ಗುರುವಾರ ಸಂಜೆ ಒಬ್ಬೊಬ್ಬರಾಗಿ ಎದ್ದು ನಿಂತು "ಇದು ಸತ್ಯ ಎಂದು ನನಗೆ ಗೊತ್ತು" ಎಂದು ಸಾಕ್ಷಿ ಹೇಳುವ ಹೊತ್ತಿಗೆ, ಅತ್ತೆಯ ಹಾಲಿನ ಪಾತ್ರೆ ತಿಕ್ಕುತ್ತೇನೆಂದು ಡ್ರಮ್ಮಿನ ಹತ್ತಿರ ಹೋಗಿ, ತಳ ಹಿಡಿದಿರದ ಪಾತ್ರೆಯನ್ನು ಮುಕ್ಕಾಲು ಗಂಟೆ ತಿಕ್ಕಿದ. ಪಾತ್ರೆಯಲ್ಲಿ ಮುಖ ಕಾಣುವಂತಾಯಿತು. ಆ ಮುಖ ನೋಡಲು ಅವನಿಗೇ ಹೆದರಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಮರಕ್ಕೆ ಒಂದು ಕಾಗದ ಅಂಟಿಸಿದ್ದರು. ಭಾನುವಾರದ ಸಂಸ್ಕಾರದಲ್ಲಿ ಯಾರು ಏನು ಮಾಡಬೇಕೆಂಬ ಪಟ್ಟಿ. ನೀರಿನ ಪ್ರಾರ್ಥನೆ, ಬೇಕರಿಯವನ ಮಗ. ಬ್ರೆಡ್ಡಿನ ಪ್ರಾರ್ಥನೆ, ಬಿಷಪ್ಪನ ಮಗ.

ಇದೇನೆಂದು ಸ್ವಲ್ಪ ಹೇಳಬೇಕು. ಪ್ರತಿ ಭಾನುವಾರ ಬ್ರೆಡ್ ಮುರಿದು, ಸಣ್ಣ ಲೋಟಗಳಲ್ಲಿ ನೀರಿಟ್ಟು, ಅದರ ಮೇಲೆ ಪ್ರಾರ್ಥನೆ ಮಾಡಿ ಹಂಚುತ್ತಾರೆ. ಪ್ರಾರ್ಥನೆ ಮಾಡುವವರು ಹದಿನಾರು ಹದಿನೇಳರ ಹುಡುಗರೇ. ಆ ಸಭೆಯಲ್ಲಿ ಉಳಿದ ಪ್ರಾರ್ಥನೆಗಳನ್ನೆಲ್ಲ ಮನಸ್ಸಿಗೆ ಬಂದ ಹಾಗೆ ಹೇಳಬಹುದು; ಇದನ್ನು ಮಾತ್ರ ಹಾಗಲ್ಲ. ಕಾರ್ಡಿನಲ್ಲಿ ಅಚ್ಚಾದದ್ದನ್ನು ಒಂದಕ್ಷರ ಆಚೀಚೆ ಆಗದಂತೆ ಓದಬೇಕು. ಬಿಷಪ್ ಎದುರಿಗೇ ಕೂತು ಕಿವಿಗೊಡುತ್ತಾನೆ. ಸರಿಯಾಗಿದ್ದರೆ ತಲೆಯಾಡಿಸುತ್ತಾನೆ, ಬ್ರೆಡ್ ಹೊರಡುತ್ತದೆ. ಒಂದು ಮಾತು ತಪ್ಪಿದರೂ ಇಲ್ಲ ಎಂದು ಸನ್ನೆ ಮಾಡುತ್ತಾನೆ, ಹುಡುಗ ಮತ್ತೆ ಮೊದಲಿನಿಂದ ಹೇಳಬೇಕು. ಎಷ್ಟು ಸಲವಾದರೂ ಸರಿ. ಅಷ್ಟರವರೆಗೆ ಯಾರೂ ಅಲುಗುವಂತಿಲ್ಲ. ಇನ್ನು ಬಿಷಪ್ ತಕ್ಕಡಿ ರಿಪೇರಿಯವನಾದರೆ ಕೇಳಬೇಕೇ? ಅಪ್ಪನ ಮುಂದೆ ಒಬ್ಬ ಹುಡುಗ ಒಮ್ಮೆ 'ಮತ್ತು' ಎಂಬುದೊಂದನ್ನು ನುಂಗಿ ಐದು ಸಲ ಹೇಳಿದ್ದ.

ಮನಸ್ಸಿನಲ್ಲಿ ಕೊಳಕಿಟ್ಟುಕೊಂಡು ಆ ಬ್ರೆಡ್ಡಿನ ಮುಂದೆ ಮಂಡಿಯೂರಿದವನು ತನ್ನ ತಲೆಯ ಮೇಲೆ ತಾನೇ ಶಿಕ್ಷೆ ಎಳೆದುಕೊಳ್ಳುತ್ತಾನೆ ಎಂದು ಚಿಕ್ಕಂದಿನಿಂದ ಕೇಳಿದ್ದ. ಶಿಕ್ಷೆ ಕೊಡುವವನೇ ಇಲ್ಲವೆಂದು ಗೊತ್ತಿದ್ದೂ ಮುಳ್ಳು ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದಿದ.

ಅವನು ಸೀದಾ ಅತ್ತೆಯ ಹತ್ತಿರ ಹೋಗಿ ಗಂಟಲು ಹಿಡಿದುಕೊಂಡ. "ಅತ್ತೆ, ಧ್ವನಿ ಬರ್ತಾ ಇಲ್ಲ."

"ಬರ್ತಾ ಇಲ್ಲ ಅಂತ ಇಷ್ಟು ಚೆನ್ನಾಗಿ ಹೇಳ್ತಾ ಇದೀಯಲ್ಲೋ," ಎಂದಳು ಅತ್ತೆ. ಆದರೂ ಬಾಯಿ ತೆರೆಸಿ, ಚಮಚದಿಂದ ನಾಲಿಗೆ ಒತ್ತಿ ಒಳಗೆ ನೋಡಿದಳು. "ಗುಲಾಬಿ ಥರ ಇದೆ. ಪಟ್ಟಿ ನೋಡ್ಕೊಂಡು ಬಂದೆ ತಾನೇ? ನಿನ್ನ ಅಪ್ಪನಿಗೂ ಹೀಗೇ ಆಗ್ತಿತ್ತು, ಹುಡುಗ ಆಗಿದ್ದಾಗ. ಮಂಡಿ ಊರೋಕೆ ಮುಂಚೆ ಎರಡು ಸಲ ಪಾಯಖಾನೆಗೆ ಓಡ್ತಿದ್ದ." ಉಪ್ಪುನೀರು ಕಲಸಿ ಕೊಟ್ಟಳು. ಅವನು ಗುಳಗುಳ ಮಾಡಿ ಉಗಿದ. ಅತ್ತೆ ಅವನ ತಲೆ ನೇವರಿಸಿ ಮೆಲ್ಲಗೆ ಹೇಳಿದಳು: "ನಿನ್ನಮ್ಮ ಮೇಲಿಂದ ಕೇಳಿಸ್ಕೋತಾಳೆ ಕಣೋ ಕಂದ. ನಿಧಾನಕ್ಕೆ ಓದು, ಅವಳಿಗೂ ತಿಳೀಲಿ."

ಅದೇ ದಿನ ಮಧ್ಯಾಹ್ನ ಇನ್ನೊಂದು ಕಾದಿತ್ತು. ಬಿಷಪ್ ವರ್ಷಕ್ಕೊಮ್ಮೆ ಪ್ರತಿಯೊಬ್ಬ ಹುಡುಗ ಹುಡುಗಿಯನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡಬೇಕು. ಅಪ್ಪ ಮರದ ಕೆಳಗೆ ಎರಡು ಮಡಿಸುವ ಕುರ್ಚಿ ಹಾಕಿಸಿದ್ದ. ಎಲ್ಲರಿಗೂ ಕಾಣುವ ಜಾಗ, ಯಾರಿಗೂ ಕೇಳಿಸದ ದೂರ. ಕೈಯಲ್ಲಿ ಪ್ರಶ್ನೆಗಳ ಹಾಳೆ. ಮೊದಲ ಪ್ರಶ್ನೆ ಏನೆಂದು ಎಲ್ಲರಿಗೂ ಗೊತ್ತು: ದೇವರಲ್ಲಿ ನಿನಗೆ ನಂಬಿಕೆ ಇದೆಯೇ? ಮುಳ್ಳು ಅದಕ್ಕೆ 'ಇದೆ' ಎಂಬ ಉತ್ತರವನ್ನು ಬೆಳಗಿನಿಂದ ಬಾಯಲ್ಲಿಟ್ಟುಕೊಂಡು ಓಡಾಡಿದ್ದ. ಕಲ್ಲು ಚೀಪಿದ ಹಾಗಿತ್ತು.

"ಬಾರಪ್ಪ, ಕೂತ್ಕೋ," ಎಂದ ಅಪ್ಪ. "ಈಗ ನಾನು ಅಪ್ಪ ಅಲ್ಲ, ಬಿಷಪ್."

"ಹಾಗಾದ್ರೆ ಸಭೆಯವರ ಹಾಗೆ ಬ್ರದರ್ ಅನ್ಲಾ?"

"ಅನ್ನು, ಕಿವಿ ಹಿಂಡ್ತೀನಿ." ಅಪ್ಪ ನಕ್ಕು, ಕನ್ನಡಕ ಒರೆಸಿಕೊಂಡು ಹಾಳೆ ನೋಡಿದ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಆಮೇಲೆ, "ಟೀ, ಕಾಫಿ, ಬೀಡಿ, ಸಿಗರೇಟು?" ಎಂದ.

"ಇಲ್ಲ."

"ಸುಳ್ಳು ಹೇಳ್ತೀಯಾ?"

"ಒಂದೊಂದ್ಸಲ."

"ಯಾರಿಗೆ?"

"ಗಿರಾಕಿಗಳಿಗೆ. ನಾಳೆ ಬನ್ನಿ, ರೆಡಿ ಇರುತ್ತೆ ಅಂತ."

"ಅದು ಸುಳ್ಳಲ್ಲಪ್ಪ, ಅಂಗಡಿ ಮಾತು." ಅಪ್ಪ ಹಾಳೆ ಮಡಿಸಿ ಜೇಬಿಗಿಟ್ಟ. "ಸರಿ, ಏಳು. ಇನ್ನೈದು ತಿಂಗಳಿಗೆ ಹದಿನೆಂಟು ತುಂಬುತ್ತೆ ನಿನಗೆ. ಎರಡು ವರ್ಷದ ಸೇವೆಗೆ ಅರ್ಜಿ ತಂದಿಟ್ಟಿದೀನಿ. ಊರಿಗೆ ಹೋದ್ಮೇಲೆ ತುಂಬೋಣ."

ಆ ವಯಸ್ಸಿಗೆ ಸಭೆಯ ಹುಡುಗರು ಎರಡು ವರ್ಷ ಮನೆ ಬಿಟ್ಟು, ಕಳಿಸಿದ ಊರಿಗೆ ಹೋಗಿ, ಬಾಗಿಲು ಬಾಗಿಲಿಗೆ ಧರ್ಮ ಸಾರುತ್ತಾರೆ. ಮುಳ್ಳು ತಲೆಯಾಡಿಸಿ ಎದ್ದ. ಹತ್ತು ಹೆಜ್ಜೆ ಹೋದ ಮೇಲೆ ಹೊಳೆಯಿತು, ಅಪ್ಪ ಮೊದಲ ಪ್ರಶ್ನೆಯನ್ನು ಕೇಳಲೇ ಇಲ್ಲ. ಬಚಾವಾದೆ ಅನಿಸಬೇಕಿತ್ತು, ಅನಿಸಲಿಲ್ಲ. ಕೇಳಬೇಕಾಗಿಯೇ ಇಲ್ಲ ಎನ್ನುವಷ್ಟು ನಂಬಿಬಿಟ್ಟಿದ್ದಾನಲ್ಲ ಎಂದು ಹೆದರಿಕೆ ಹೆಚ್ಚಿತು.

ಶನಿವಾರ ದಿನವೆಲ್ಲ ಮುಳ್ಳು ಪ್ರಾರ್ಥನೆಯ ಕಾರ್ಡು ಹಿಡಿದು ಕೆರೆಯ ಏರಿಯ ಮೇಲೆ ಹಿಂದೆ ಮುಂದೆ ನಡೆದ. ನೋಡಿದವರು ಎಂಥ ಶ್ರದ್ಧೆ ಅಂದುಕೊಂಡರು. ಅವನು ಹುಡುಕುತ್ತಿದ್ದದ್ದು ಬಚ್ಚಿಟ್ಟುಕೊಳ್ಳಲು ಒಂದು ಸಂದಿಯನ್ನು. ಸಿಕ್ಕಿಯೂ ಬಿಟ್ಟಿತು. ಆ ಪ್ರಾರ್ಥನೆಯ ಬಹುಭಾಗ 'ಅವರು' ಎಂದೇ ಸಾಗುತ್ತದೆ. ತಿನ್ನುವವರು ಯಾರೋ ಅವರು. ನೆನೆಯುವವರು, ಮಾತು ಕೊಡುವವರು ಅವರು. ಅದನ್ನೆಲ್ಲ ಅವನು ಸುಳ್ಳಿಲ್ಲದೆ ಹೇಳಬಹುದಿತ್ತು. ಅಪ್ಪ, ಅತ್ತೆ, ರೇಡಿಯೋ ಇವರೆಲ್ಲ ಅವರು ತಾನೇ? ಅವರು ನಿಜವಾಗಿಯೂ ಹಾಗೇ ಇದ್ದಾರಲ್ಲ? ಅವರ ಪರವಾಗಿ ಓದಿದರೆ ಯಾರ ತಲೆಯ ಮೇಲೂ ಏನೂ ಬೀಳುವುದಿಲ್ಲ.

ತೊಂದರೆ ಇದ್ದದ್ದು ಮೊದಲಲ್ಲಿ, ಒಂದೇ ಕಡೆ. ಬೇಡಿಕೊಳ್ಳುವವರು ಯಾರು ಎಂಬಲ್ಲಿ. ಅಲ್ಲಿ 'ನಾವು' ಎಂದಿತ್ತು.

ಒಂದು ಮಾತು, ಎರಡೇ ಅಕ್ಷರ. ಅದನ್ನು ಬೇಗ ಹೇಳಿ ದಾಟಿಬಿಟ್ಟರಾಯಿತು ಎಂದುಕೊಂಡ. ಅರವತ್ತು ಎಪ್ಪತ್ತು ಸಲ ಹೇಳಿ ನೋಡಿದ. ಹಳ್ಳ ದಾಟುವವನು ನಡುವಿನ ಕಲ್ಲು ತುಳಿಯದೆ ಹಾರುವ ಹಾಗೆ ಪ್ರತಿಸಲವೂ ಆ ಮಾತನ್ನು ಹಾರಿ ಹಾರಿ ಅಭ್ಯಾಸ ಮಾಡಿದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಟಾರ್ಪಾಲಿನ ಚಪ್ಪರದ ಕೆಳಗೆ ಸೇರಿದರು. ಐದು ದಿನ ಮಣ್ಣಲ್ಲಿ ಹೊರಳಿದ ಹುಡುಗರು ಬಿಳಿ ಅಂಗಿ ತೊಟ್ಟು, ಟೈ ಬಿಗಿದು, ಕಾಲಲ್ಲಿ ಮಾತ್ರ ಕೆಸರಿನ ಚಪ್ಪಲಿ ಹಾಕಿ ಕೂತಿದ್ದರು. ಮುಂದೆ ಮಡಿಸುವ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕೆರೆಯ ಕಲ್ಲು. ಹಾಡು ಮುಗಿಯುವಷ್ಟರಲ್ಲಿ ಮುಳ್ಳು, ರೇಡಿಯೋ ಇಬ್ಬರೂ ಬ್ರೆಡ್ ಮುರಿದು ಮುಗಿಸಿದರು. ತನ್ನ ಬೆರಳುಗಳು ಅಷ್ಟು ಸರಾಗವಾಗಿ ಕೆಲಸ ಮಾಡುತ್ತಿದ್ದದ್ದು ನೋಡಿ ಮುಳ್ಳಿಗೆ ಸ್ವಲ್ಪ ಧೈರ್ಯ ಬಂತು.

ಮಂಡಿಯೂರಿದ. ಕಾರ್ಡು ಕೈಗೆತ್ತಿಕೊಂಡ. ದೇವರನ್ನು ಸಂಬೋಧಿಸುವ ಮೊದಲ ಮಾತು ಸರಿಯಾಗಿ ಬಂತು. ಧ್ವನಿ ಗಟ್ಟಿಯಾಗಿಯೇ ಇತ್ತು. ಆಮೇಲೆ ಅವನ ಬಾಯಿ ಹೇಳಿತು, ಅವರು ಬೇಡಿಕೊಳ್ಳುತ್ತಾರೆ.

ತಾನು ಏನು ಹೇಳಿದೆ ಎಂದು ಅವನಿಗೆ ತಿಳಿಯಲೇ ಇಲ್ಲ. ಕೊನೆಯವರೆಗೆ ಓದಿ, ಆಮೆನ್ ಎಂದು ತಲೆಯೆತ್ತಿದ. ಎದುರಿನ ಕುರ್ಚಿಯಲ್ಲಿ ಅಪ್ಪ ಮೆಲ್ಲಗೆ ಅಡ್ಡಡ್ಡ ತಲೆಯಾಡಿಸಿದ. ಅಷ್ಟು ಮೆಲ್ಲಗೆ ಎಂದರೆ, ನೊಣ ಓಡಿಸಿದ ಹಾಗೆ.

ಮತ್ತೆ ಮೊದಲಿನಿಂದ. ಈ ಸಲ ನಿಧಾನವಾಗಿ, ಬೆರಳಿಟ್ಟು ಓದಿದ. ಕಣ್ಣು ಕಾರ್ಡಿನ ಮೇಲೆ 'ನಾವು' ನೋಡಿತು. ಬಾಯಿ 'ಅವರು' ಎಂದಿತು. ಹೇಳಿದ್ದು ಈಗ ಅವನ ಕಿವಿಗೇ ಕೇಳಿಸಿತು. ಆದರೂ ನಿಲ್ಲಿಸಲಾಗದೆ ಕೊನೆಯವರೆಗೆ ಓದಿದ. ಅಪ್ಪ ಮತ್ತೆ ತಲೆಯಾಡಿಸಿದ.

"ನಾವು ಕಣೋ," ಎಂದು ಪಕ್ಕದಿಂದ ರೇಡಿಯೋ ತುಟಿ ಅಲುಗಿಸದೆ ಉಸುರಿದ. "ಅವರು ಅಲ್ಲ, ನಾವು. ನಾವು."

ಹುಡುಗಿಯರ ಸಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ಮುಳ್ಳಿನ ಬೆನ್ನಿಗೆ ಅಂಗಿ ಅಂಟಿಕೊಂಡಿತು. ಎರಡಕ್ಷರ. ಹೇಳಿಬಿಟ್ಟರೆ ಮುಗಿಯಿತು. ಬ್ರೆಡ್ ಹೊರಡುತ್ತದೆ, ಬಸ್ಸು ಹೊರಡುತ್ತದೆ, ಮನೆಗೆ ಹೋಗಬಹುದು. ಅರ್ಜಿ ತುಂಬಿ, ಎರಡು ವರ್ಷ ಬಾಗಿಲು ತಟ್ಟಿ, ಮದುವೆಯಾಗಿ, ಮಕ್ಕಳಿಗೂ ಅದನ್ನೇ ಕಲಿಸಿ, ಸಾಯುವವರೆಗೂ ಯಾರಿಗೂ ಗೊತ್ತಾಗದ ಹಾಗೆ ಇದ್ದುಬಿಡಬಹುದು. ಆ ಮಾತಿನ ಆಚೆಗೆ ತನ್ನ ಇಡೀ ಆಯಸ್ಸು ಬಿಳಿ ಅಂಗಿ ತೊಟ್ಟು ಸಾಲಾಗಿ ನಿಂತದ್ದು ಅವನಿಗೆ ಕಂಡಿತು.

ಮೂರನೆಯ ಸಲ ಶುರುಮಾಡಿದ. ಆ ಜಾಗಕ್ಕೆ ಬಂದ. ಅವರು ಎಂದ. ಅಲ್ಲಿಗೇ ನಿಂತುಹೋದ.

ಅಪ್ಪ ಈಗ ತಲೆಯಾಡಿಸಲಿಲ್ಲ. ಮಗನನ್ನೇ ನೋಡುತ್ತಿದ್ದ. ಆ ನೋಟ ಮುಳ್ಳಿಗೆ ಗೊತ್ತಿತ್ತು. ತಕ್ಕಡಿಯೊಂದು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸಿದರೆ ಅಪ್ಪ ಧೂಳು ಎಂದು ಊದುತ್ತಿದ್ದ. ಎಷ್ಟು ಸಲ ಇಟ್ಟರೂ ಒಂದೇ ಕಡೆಗೆ, ಒಂದೇ ಅಳತೆಗೆ ವಾಲಿದರೆ ಮಾತ್ರ ಸ್ಕ್ರೂಡ್ರೈವರ್ ಕೆಳಗಿಟ್ಟು ಸುಮ್ಮನೆ ಕೂತು ನೋಡುತ್ತಿದ್ದ. "ಇದು ತಪ್ತಾ ಇಲ್ಲ," ಎನ್ನುತ್ತಿದ್ದ ಆಗ. "ಇದು ಏನೋ ಹೇಳ್ತಾ ಇದೆ."

ಅಪ್ಪ ಎದ್ದ. ಮುಳ್ಳು ಕಣ್ಣು ಮುಚ್ಚಿಕೊಂಡ. ಏನು ಬೀಳುತ್ತದೋ ಬೀಳಲಿ, ಎಲ್ಲರ ಮುಂದೆ ಬೀಳುತ್ತದಲ್ಲ ಎಂದು ಕತ್ತು ಒಳಗೆಳೆದುಕೊಂಡ. ಮಣ್ಣಿನ ಮೇಲೆ ಬೂಟಿನ ಸದ್ದು ಹತ್ತಿರ ಬಂತು. ಪಕ್ಕದಲ್ಲಿ ಇನ್ನೊಂದು ಜೊತೆ ಮಂಡಿ ನೆಲಕ್ಕೆ ಊರಿದ ಸದ್ದಾಯಿತು. ಅವನ ಕೈಯಿಂದ ಕಾರ್ಡು ಮೆಲ್ಲಗೆ ಜಾರಿತು.

ಅಪ್ಪ ತಾನೇ ಓದಿದ. ಒಂದಕ್ಷರ ತಪ್ಪದೆ ಓದಿದ. 'ನಾವು' ಎಂಬಲ್ಲಿ ಮಾತ್ರ ಒಂದು ಉಸಿರಿನಷ್ಟು ನಿಂತ. ಅಂಥ ಜಾಗದಲ್ಲಿ ಅಪ್ಪ ಎಂದೂ ನಿಂತವನಲ್ಲ.

ಬ್ರೆಡ್ಡಿನ ತಟ್ಟೆ ಮೊದಲು ಬಿಷಪ್ಪನಿಗೆ ಬರಬೇಕು, ಬಂತು. ಅಪ್ಪ ತೆಗೆದುಕೊಂಡ. ಸಾಲು ಸಾಲು ಸುತ್ತಿ ಕೊನೆಗೆ ಮುಳ್ಳಿನ ಮುಂದೆ ಬಂತು. ಅವನು ಕೈ ತೊಡೆಯ ಮೇಲೇ ಇಟ್ಟುಕೊಂಡು ತಟ್ಟೆಯನ್ನು ಮುಂದಕ್ಕೆ ಹೋಗಗೊಟ್ಟ. ಅಪ್ಪ ನೋಡಿದ. ಕೊನೆಯ ಸಾಲಿನಿಂದ ಅತ್ತೆಯೂ ನೋಡಿದಳು.

ಮಧ್ಯಾಹ್ನ ಡೇರೆ ಬಿಚ್ಚುವಾಗ ಅಪ್ಪ ಕರೆದ. "ಬಾ, ಟಾರ್ಪಾಲು ಮಡಿಸೋಣ."

ದೊಡ್ಡ ಟಾರ್ಪಾಲು ಮಡಿಸಲು ಇಬ್ಬರು ಬೇಕು. ಒಬ್ಬ ಈ ತುದಿ, ಒಬ್ಬ ಆ ತುದಿ. ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು, ಮತ್ತೆ ದೂರ ಹೋಗಿ ಎಳೆಯಬೇಕು. ಮೊದಲ ಸಲ ಹತ್ತಿರ ಬಂದು ಮೂಲೆ ಸೇರಿಸಿದರು.

ಎರಡನೆಯ ಸಲ ಅಪ್ಪ ಕೇಳಿದ, "ಎಷ್ಟು ದಿನ ಆಯ್ತು?"

"ಹದಿನಾಲ್ಕು ತಿಂಗಳು."

ದೂರ ಹೋದರು, ಎಳೆದರು, ಬಂದರು.

"ಅಮ್ಮ ಹೋದಳು ಅಂತ ಕೋಪಾನಾ?"

"ಅಲ್ಲಪ್ಪ. ಅಮ್ಮ ಹೋದಳು ಅಂತಲೇ ಇಷ್ಟು ದಿನ ಹೇಳ್ದೆ ಇದ್ದೆ."

ಅಪ್ಪನ ಕೈಯಿಂದ ಮೂಲೆ ಜಾರಿತು. ಬಗ್ಗಿ ಎತ್ತಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

"ಮನೆಯಿಂದ ಕಳಿಸ್ತೀಯಾ?" ಎಂದ ಮುಳ್ಳು. ಹದಿನಾಲ್ಕು ತಿಂಗಳು ಒಳಗೇ ಇಟ್ಟುಕೊಂಡ ಮಾತು, ಹೊರಗೆ ಬಂದಾಗ ಐದು ವರ್ಷದ ಮಗುವಿನ ಧ್ವನಿಯಲ್ಲಿ ಬಂತು.

"ಎಲ್ಲಿಗೆ ಕಳಿಸ್ಲಿ? ನಿನ್ನ ಯಾರು ಇಟ್ಕೋತಾರೆ, ಒಂದು ಹೊತ್ತಿಗೆ ನಾಲ್ಕು ತಟ್ಟೆ ತಿಂತೀಯ." ಅಪ್ಪ ನಗಲಿಲ್ಲ. ಕಣ್ಣು ಕೆಂಪಾಗಿತ್ತು. "ಶುಕ್ರವಾರ ಮೊದಲನೇ ಪ್ರಶ್ನೆ ಯಾಕೆ ಕೇಳ್ಲಿಲ್ಲ ಅಂದ್ಕೊಂಡೆ? ಮರೆತೆ ಅಂತಲಾ?"

ಮುಳ್ಳು ತನ್ನ ತುದಿಯ ಮಡಿಕೆ ಸರಿಮಾಡಿದ.

"ಕೇಳಿದ್ರೆ ನೀನು ನಿಜ ಹೇಳ್ಬಿಡ್ತೀಯ ಅಂತ ಹೆದರಿದೆ ಕಣಪ್ಪ."

"ನಿನಗೆ ಗೊತ್ತಿತ್ತಾ?"

"ಇಲ್ಲ. ಗೊತ್ತಾಗದೆ ಇರೋಕೆ ಬಹಳ ಕಷ್ಟಪಟ್ಟೆ." ಅಪ್ಪ ಕೊನೆಯ ಮಡಿಕೆ ಹಾಕಿ ಅದರ ಮೇಲೆ ಮಂಡಿ ಒತ್ತಿ ಗಾಳಿ ಹೊರಗೆ ಬಿಟ್ಟ. "ಈಗ್ಲೂ ಹೆದರಿಕೆ ಇದೆ ನನಗೆ. ಅಲ್ಲಿ ಹೋದ್ಮೇಲೆ ನಿನ್ನಮ್ಮ ಕೇಳ್ತಾಳೆ, ಹುಡುಗ ಎಲ್ಲಿ ಅಂತ. ಏನು ಹೇಳ್ಲಿ?"

ಅಲ್ಲಿ ಎನ್ನುವುದೇ ಇಲ್ಲ ಎಂದು ಮುಳ್ಳು ಹೇಳಬಹುದಿತ್ತು. ಆದರೆ ಅಪ್ಪನ ಮುಖ ನೋಡುತ್ತ ಆ ಮಾತು ಹೇಳುವಷ್ಟು ಕಲ್ಲೆದೆ ಅವನದಾಗಿರಲಿಲ್ಲ. ಇಬ್ಬರೂ ಟಾರ್ಪಾಲನ್ನು ಒಂದೊಂದು ಕಡೆ ಹಿಡಿದು ಬಸ್ಸಿಗೆ ಹೊತ್ತರು.

ಆ ವಾರ ಮನೆಯಲ್ಲಿ ಗಡಿಯಾರದ ಸದ್ದು ದೊಡ್ಡದಾಗಿ ಕೇಳಿಸಿತು. ಅತ್ತೆ ಮೂರು ಹೊತ್ತೂ ಬಡಿಸಿದಳು, ಮಾತಾಡಲಿಲ್ಲ. ಗುರುವಾರ ಮಾತ್ರ, ಅವನ ತಟ್ಟೆಗೆ ಹಾಕುತ್ತಿದ್ದವಳು ತಡೆಯಲಾರದೆ, "ಅಲ್ಲಿ ಒಂದು ಕುರ್ಚಿ ಖಾಲಿ ಇರುತ್ತಲ್ಲೋ. ನಾನು ಅದನ್ನ ಹೇಗೋ ನೋಡ್ಲಿ?" ಎಂದು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅಂಗಡಿಯಲ್ಲಿ ಅಪ್ಪ ಎಂದಿನ ಹಾಗೆ ಕೆಲಸ ಹೇಳಿದ, ಎಂದಿನ ಹಾಗೆ ಬೈದ. ಸೇವೆಯ ಅರ್ಜಿ ಗಲ್ಲಾದ ಪಕ್ಕ ಎರಡು ದಿನ ಇತ್ತು. ಮೂರನೆಯ ದಿನ ಇರಲಿಲ್ಲ. ಅಂಗಡಿಗೆ ಸಭೆಯವರು ಯಾರಾದರೂ ಬಂದರೆ ಮುಳ್ಳು ಹಿಂದಿನ ಕೋಣೆಗೆ ಸರಿದುಬಿಡುತ್ತಿದ್ದ. ಹೊರಗೆ ಅಪ್ಪ ಅವರೊಂದಿಗೆ ಏನು ಮಾತಾಡುತ್ತಾನೆಂದು ಕಿವಿಗೊಡುತ್ತಿದ್ದ. ಅಪ್ಪ ತಕ್ಕಡಿಯ ವಿಷಯ ಮಾತ್ರ ಮಾತಾಡುತ್ತಿದ್ದ.

ಶನಿವಾರ ಸಂಜೆ ಅಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತು ಬೂಟು ಪಾಲಿಶ್ ಮಾಡಿದ. ತನ್ನ ಜೊತೆ ಮುಗಿಸಿ, ಮಗನ ಜೊತೆಗೂ ಬ್ರಷ್ ಹಾಕಿ, ಎರಡನ್ನೂ ಬಾಗಿಲ ಪಕ್ಕ ಒಟ್ಟಿಗೆ ಇಟ್ಟ. ಮುಳ್ಳು ಕಿಟಕಿಯಿಂದ ಅದನ್ನು ನೋಡಿದ. ನಾಳೆ ಸಭೆಗೆ ಕರೆಯುತ್ತಾನೆ. ಕರೆದರೆ ಏನೆನ್ನಲಿ?

ಬೆಳಿಗ್ಗೆ ಅವನು ಬರಿಗಾಲಲ್ಲಿ ನಡುಮನೆಯಲ್ಲಿ ನಿಂತಿದ್ದ. ಅತ್ತೆ ಕೊಡೆ ಹಿಡಿದು ಹೊಸ್ತಿಲ ಆಚೆ ನಿಂತು ರಸ್ತೆ ನೋಡುತ್ತಿದ್ದಳು. ಅಪ್ಪ ಬೂಟಿನ ಲಾಡಿ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಎದ್ದು ಮಗನ ಕಡೆ ನೋಡಿದ. ಇನ್ನೇನು ಕರೆಯುತ್ತಾನೆ ಎಂದುಕೊಂಡ ಮುಳ್ಳು.

"ಹಾಲು ಒಲೆ ಮೇಲಿದೆ," ಎಂದ ಅಪ್ಪ. "ಉಕ್ಕೀತು, ನೋಡ್ಕೋ."

ಆ ಭಾನುವಾರ, ಬೆಳಿಗ್ಗೆ ಎಂಟೂ ಹತ್ತಕ್ಕೆ, ಅಪ್ಪ ಮತ್ತು ಅತ್ತೆ ಇಬ್ಬರೇ ಹೊರಟರು.